ನೀಲಿ ಅಂದ್ರ ಸರಳ, ಯಾರಿಗೆ?

ಹೋದ ಚಳಿಗಾಲ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನಾಲ್ಕು ದಿನ ರಜೆ ಸಿಕ್ಕಿತೆಂದು ಅಳಿಯಂದಿರು ನಮ್ಮನ್ನೆಲ್ಲ ಗಡಿಯಾಚೆ ಆಸ್ಟ್ರಿಯಾದ ಟಿರೋಲ್‌ಗೆ ಕರಕೊಂಡು ಹೋದರು, ಸ್ಕೀಯಿಂಗ್‌ಗೆ. ಅರಕೇರಾದ ಬಿಸಿಲಲ್ಲಿ ಬೆಳೆದ ನಾನಂತೂ ಕಾಲಿಗೆ ಹಲಗೆ ಕಟ್ಟಿಕೊಳ್ಳಲಿಲ್ಲ. ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಕೆಳಗ ನಿಂತು ನೋಡೋದಷ್ಟೇ ನನ್ನ ಕೆಲಸ.

ಅಲ್ಲಿ ಪ್ರತಿ ಇಳಿಜಾರಿಗೂ ಬಣ್ಣದ ಫಲಕ. ನೀಲಿ ಸರಳ, ಕೆಂಪು ಮಧ್ಯಮ, ಕಪ್ಪು ಪಳಗಿದವರಿಗೆ. ನೂರು ಅಡಿ ಮುಂದೆ ಹೋದರೆ ನೀಲಿಯಲ್ಲಿ ಸಾಮಾನ್ಯವಾಗಿ 25 ಅಡಿ ಒಳಗೇ ಇಳಿಜಾರು, ಕೆಂಪಿನಲ್ಲಿ 40ರವರೆಗೆ, ಅದಕ್ಕೂ ಕಡಿದಾದದ್ದು ಕಪ್ಪು. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭದ ಹಸಿರೂ ಇದೆಯಂತೆ. ಅಮೆರಿಕದಲ್ಲಿ ಹಸಿರು ಸರಳ, ನೀಲಿಯೇ ಮಧ್ಯಮ. ದೇಶ ಬದಲಾದರೆ ನೀಲಿಯ ಅರ್ಥವೂ ಬದಲು ನೋಡ್ರಿ!

ಏಳು ವರ್ಷದ ಮೊಮ್ಮಗಳು ಎರಡು ದಿನ ಮಕ್ಕಳ ಅಂಗಳದಲ್ಲೇ ಕಲಿತಳು. ಮೇಲೆ ಒಯ್ಯಲು ನೆಲದ ಮೇಲೆ ಚಲಿಸುವ ಬೆಲ್ಟು. ಅದಕ್ಕೆ ಜಾದೂ ಜಮಖಾನೆ ಅಂತಾರೆ. ಹಲಗೆಗಳ ಮೂತಿ ಕೂಡಿಸಿ ಹಿಂಭಾಗ ಅಗಲಿಸಿದರೆ ವೇಗ ತಗ್ಗುತ್ತದೆ, ಮಕ್ಕಳ ಭಾಷೆಯಲ್ಲಿ 'ಪಿಜ್ಜಾ'.

ಮೂರನೇ ದಿನ ಮಧ್ಯಾಹ್ನ ಮೂರಕ್ಕೆ ಮಗಳು, "ನೀಲಿ ಅಂದ್ರ ಸರಳ ಅದ ಅವ್ವಾ, ಏನೂ ಆಗಂಗಿಲ್ಲ" ಅಂದು ಕೂಸನ್ನು ಲಿಫ್ಟ್ ಹತ್ತಿಸಿದಳು. ಬಿಸಿಲಿಗೆ ಕರಗಿದ ಹಿಮ ನೆರಳು ಬಿದ್ದಾಗ ಮತ್ತೆ ಗಟ್ಟಿಯಾಗಿತ್ತು. ನೂರಾರು ಜನ ಜಾರಿ ಅಲ್ಲಲ್ಲಿ ಬರೀ ಐಸು. ಫಲಕದ ಬಣ್ಣ ಮಾತ್ರ ಬೆಳಿಗ್ಗೆ ಇದ್ದದ್ದೇ.

ಅರ್ಧದಾರಿಯಲ್ಲಿ ಕೂಸು ಬಿದ್ದಳು, ಏಳಲೇ ಇಲ್ಲ. ಮಗಳು ಮುಂದೆ ಜಾರಿಬಿಟ್ಟಿದ್ದಳು. ಆ ಹಲಗೆ ಕಟ್ಟಿಕೊಂಡು ವಾಪಸ್ ಮೇಲೆ ಹತ್ತೋದು ಸುಲಭವಲ್ಲ. ಕೆಳಗ ನಿಂತ ನನಗೆ ಕಾಣುತ್ತಿದ್ದದ್ದು ಅಲುಗಾಡದ ಒಂದು ಕೆಂಪು ಜಾಕೆಟ್ಟು. ಜೀವ ಬಾಯಿಗೆ ಬಂದಿತ್ತು. ಆ ದಾರಿಯಲ್ಲಿ ಬಂದ ಕಲಿಸುವವರೊಬ್ಬರು ಅವಳನ್ನೆಬ್ಬಿಸಿ, ತಾವು ಹಿಂದುಹಿಂದಕ್ಕೆ ಜಾರುತ್ತಾ, ಆ ಅಂಚಿನಿಂದ ಈ ಅಂಚಿಗೆ ಅಡ್ಡಡ್ಡ ತಿರುಗಿಸಿ ಇಳಿಸಿದರು. ಪೆಟ್ಟೇನೂ ಆಗಿರಲಿಲ್ಲ.

ರಾತ್ರಿ ನಾನು ಮಗಳ ಜೊತೆ ಜಗಳಾನೇ ಆಡಿದೆ. ಬಣ್ಣ ಗುಡ್ಡದ ಲೆಕ್ಕ, ಕೂಸಿನ ಲೆಕ್ಕ ಅಲ್ಲ. ಬೇಕಾದಲ್ಲಿ ನಿಲ್ಲೋಕೆ ಬರುತ್ತದೋ ಇಲ್ಲವೋ, ಅದನ್ನು ಮೊದಲು ನೋಡಬೇಕಿತ್ತು. ಸಣ್ಣವರಿದ್ದಾಗ ಬಂಡೆ ಮೇಲೆ ಜಾರುಬಂಡಿ ಆಡುತ್ತಿದ್ದೆವು, ಅಲ್ಲಿ ಯಾರೂ ಬಣ್ಣ ಹಚ್ಚಿರಲಿಲ್ಲ. ಎಷ್ಟು ಎತ್ತರ ಹತ್ತಬೇಕು ಅಂತ ನಮ್ಮ ಹರಿದ ಲಂಗಗಳೇ ಹೇಳುತ್ತಿದ್ದವು. ಮಗಳು ಸುಮ್ಮನೆ ಕೇಳಿಸಿಕೊಂಡಳು. ಅವಳಿಗೂ ಹೆದರಿಕೆ ಇಳಿದಿರಲಿಲ್ಲ.

ಮರುದಿನ ಕೂಸು ಬೂಟೇ ಮುಟ್ಟಲಿಲ್ಲ. ಊಟವಾದ ಮೇಲೆ ತಾನಾಗೇ ಬಂದು, "ಅಜ್ಜಿ, ಜಮಖಾನೆಗೆ ಹೋಗೂಣು" ಅಂದಳು. ಕೈ ಹಿಡಕೊಂಡು ಹೋದೆ.