ಧ್ವಜ ದಿನದಂದು ಮಕ್ಕಳಿಗೆ ಏನು ಹೇಳೋಣ?



ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದದ್ದು. ಅಂದು ನಿಮ್ಮ ಮಗು ಎದೆಗೆ ಪುಟ್ಟ ಧ್ವಜ ಸಿಕ್ಕಿಸಿಕೊಂಡು ಮನೆಗೆ ಬಂದರೆ, ಎಷ್ಟು ರೂಪಾಯಿ ಕೊಟ್ಟೆ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆ ಹಣ ಮಾಜಿ ಸೈನಿಕರಿಗೆ, ಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೆ, ಮಡಿದವರ ಮಡದಿ ಮಕ್ಕಳಿಗೆ ಸಲ್ಲುತ್ತದೆಂದು ತಿಳಿಸಿ.

ಇಂದಿನ ಮಕ್ಕಳಿಗೆ ಯುದ್ಧವೆಂದರೆ ಮೊಬೈಲಿನ ಆಟ. ಅಲ್ಲಿ ಸತ್ತವನು ಮರುಕ್ಷಣವೇ ಎದ್ದು ನಿಲ್ಲುತ್ತಾನೆ. ಅವರಿಗೆ ಸಿಯಾಚಿನ್ನಿನ ಸಂಗತಿ ಹೇಳಿ. 2016ರ ಫೆಬ್ರುವರಿ 3ರಂದು, 19 ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅದೇ ಹಿಮದಡಿ ನಮ್ಮ ನೆರೆಯ ಸಾತಾರಾ ಜಿಲ್ಲೆಯ ಸಿಪಾಯಿ ಸೂರ್ಯವಂಶಿಯೂ ಮಡಿದರು. ಗಡಿಯಲ್ಲಿ ಕದನವಿರಾಮ 2003ರಲ್ಲೇ ಆಗಿತ್ತು. ಗುಂಡು ಹಾರದಿದ್ದರೂ ಕಾವಲು ತಪ್ಪಲಿಲ್ಲ, ಸಾವೂ ತಪ್ಪಲಿಲ್ಲ. ಶಾಂತಿಯ ಬೆಲೆ ಇದು.

ಕನ್ನಡಿಗ, ಮರಾಠಿಗ ಅಲ್ಲಿ ಕೂಡಿ ಕಾವಲು ನಿಂತಿದ್ದರು. ಇಲ್ಲಿ ನಾವು ಏನು ಮಾಡಿದೆವು? 2022ರ ಡಿಸೆಂಬರ್ 6ರಂದು, ಧ್ವಜ ದಿನದ ಮುನ್ನಾದಿನವೇ, ಗಡಿ ವಿವಾದದ ಹೆಸರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಬಸ್ಸು ನಿಂತರೆ ಮೊದಲು ತೊಂದರೆ ಆಗುವುದು ಸಾಂಗಲಿ, ಮಿರಜ, ಜತ್ತಗಳಲ್ಲಿರುವ ನಮಗೇ. ಮಕ್ಕಳು ಇದನ್ನೆಲ್ಲ ನೋಡುತ್ತಾರೆ. ಯೋಧರನ್ನು ನೆನೆಯುವ ಬಾಯಿಂದಲೇ ನೆರೆಯವರನ್ನು ಹಳಿದರೆ, ಅವರು ಕಲಿಯುವುದು ಹಳಿಯುವುದನ್ನೇ.

ನಮ್ಮ ಸೀಮೆಯ ಹಳೆಯ ಗುಡಿಗಳ ಬಳಿ ವೀರಗಲ್ಲುಗಳಿವೆ. ಮರಾಠಿಯಲ್ಲಿ ಅವನ್ನು 'ವೀರಗಳ' ಎನ್ನುತ್ತಾರೆ. ಅದು ನಮ್ಮ 'ಕಲ್ಲು' ಎಂಬ ಮಾತೇ. ಮಡಿದವರನ್ನು ನೆನೆಯುವ ಶಬ್ದವನ್ನು ಎರಡೂ ಭಾಷೆಗಳು ಹಂಚಿಕೊಂಡಿವೆ. ಮಗುವನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮೇಲಿನದರಲ್ಲಿ ಶಿವಪೂಜೆ, ತುದಿಯಲ್ಲಿ ಸೂರ್ಯ ಚಂದ್ರ ಇರುತ್ತವೆ. ಎಷ್ಟೋ ವೀರರು ಸತ್ತದ್ದು ರಾಜ್ಯ ಗೆಲ್ಲಲಿಕ್ಕಲ್ಲ, ಊರ ದನಗಳನ್ನು ಉಳಿಸಲಿಕ್ಕೆ ಎಂದು ತಿಳಿಸಿ.

ಇದನ್ನೆಲ್ಲ ಮನೆಮಾತಿನಲ್ಲಿಯೇ ಹೇಳಿ. 'ಹುತಾತ್ಮ', 'ಬಲಿದಾನ' ಎಂಬ ಮಾತುಗಳನ್ನು ಮಗು ಭಾಷಣಕ್ಕೆಂದು ಬಾಯಿಪಾಠ ಮಾಡುತ್ತದೆ. 'ಅವರ ಅವ್ವ ಇನ್ನೂ ದಾರಿ ನೋಡುತ್ತಾಳೆ' ಎಂದರೆ ಅದಕ್ಕೆ ಅರ್ಥವಾಗುತ್ತದೆ. ಕನ್ನಡ ಶಾಲೆಯನ್ನು ನಾವು ಉಳಿಸಿಕೊಳ್ಳಬೇಕಾದದ್ದು ಇದಕ್ಕಾಗಿಯೂ ಹೌದು.

ಈ ಸಲ ಧ್ವಜ ದಿನದಂದು ನಿಮ್ಮ ಊರಿನ ಒಬ್ಬ ಮಾಜಿ ಸೈನಿಕರ ಮನೆಗೆ ಮಗುವಿನೊಡನೆ ಹೋಗಿ ಬನ್ನಿ. ಅವರ ಮನೆಮಾತು ಕನ್ನಡವೋ ಮರಾಠಿಯೋ ಎಂದು ಮಾತ್ರ ಮೊದಲೇ ವಿಚಾರಿಸಬೇಡಿ.