ಹಳೆಯ ಡೀಸೆಲ್ ಎಸ್‌ಯುವಿ ಮಾರಾಟ: ಆರೈಕೆಗಿಲ್ಲದ ಬೆಲೆ, ವಯಸ್ಸಿಗಷ್ಟೇ ಲೆಕ್ಕ

ಬೆಂಗಳೂರು: ಒಬ್ಬರೇ ಮಾಲೀಕರು, ಪ್ರತಿ ಸರ್ವಿಸಿಗೂ ರಸೀದಿ, ಎಂಜಿನ್ ಶಕ್ತಿ ಹೆಚ್ಚಿಸಲಾಗಿದೆ. ಹಳೆಯ ಡೀಸೆಲ್ ಎಸ್‌ಯುವಿಯೊಂದನ್ನು ಮಾರಾಟಕ್ಕಿಟ್ಟವರು ಸಾಮಾನ್ಯವಾಗಿ ಹೇಳಿಕೊಳ್ಳುವ ಮೂರು ಹೆಗ್ಗಳಿಕೆಗಳಿವು. ಇವುಗಳಲ್ಲಿ ಮೊದಲ ಎರಡಕ್ಕೆ ಮಾರುಕಟ್ಟೆ ಒಂದಿಷ್ಟು ಮರ್ಯಾದೆ ಕೊಡುತ್ತದೆ. ಕಾನೂನು ಮಾತ್ರ ಅವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಮೂರನೆಯದಂತೂ ಮಾಲೀಕನ ದೃಷ್ಟಿಯಲ್ಲಿ ಗುಣ, ಕಾನೂನಿನ ದೃಷ್ಟಿಯಲ್ಲಿ ದೋಷ. ಲಕ್ಷಾಂತರ ರೂಪಾಯಿ ಸುರಿದು, ವರ್ಷಗಟ್ಟಲೆ ಮಗುವಿನಂತೆ ಜೋಪಾನ ಮಾಡಿದ ವಾಹನವನ್ನು ಮಾರಲು ಹೊರಟವರು ಎದುರಿಸುತ್ತಿರುವ ಇಕ್ಕಟ್ಟಿನ ಮೂಲ ಇರುವುದು ಇಲ್ಲಿಯೇ.

ಈ ಇಕ್ಕಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ, 2005ರಲ್ಲಿ ಇನ್ನೋವಾ ರಸ್ತೆಗಿಳಿದಾಗ ಡೀಸೆಲ್ ದರ ಸರಕಾರದ ಹಿಡಿತದಲ್ಲಿತ್ತು. ಪೆಟ್ರೋಲಿಗೂ ಡೀಸೆಲ್‌ಗೂ ಇದ್ದ ದರದ ಅಂತರವೇ ಕುಟುಂಬಗಳನ್ನು ದೊಡ್ಡ ಡೀಸೆಲ್ ವಾಹನಗಳತ್ತ ಸೆಳೆಯಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ಸಂಪೂರ್ಣವಾಗಿ ನಿಯಂತ್ರಣಮುಕ್ತಗೊಂಡಿತು, ಅಂತರ ಕರಗತೊಡಗಿತು. 2020ರ ಏಪ್ರಿಲಿನಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಮಾರುತಿ ಸುಜುಕಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು. ಹೀಗಿದ್ದರೂ ದೂರದ ಪ್ರಯಾಣ, ಘಟ್ಟದ ರಸ್ತೆ, ತುಂಬು ಕುಟುಂಬ ಎಂದೊಡನೆ ಡೀಸೆಲ್ ಎಸ್‌ಯುವಿಯೇ ಬೇಕೆನ್ನುವವರ ಸಂಖ್ಯೆ ಇಂದಿಗೂ ಕಡಿಮೆಯಾಗಿಲ್ಲ. ಬೇಡಿಕೆ ಇದೆ, ಮಾರುವವರೂ ಇದ್ದಾರೆ. ನಡುವೆ ತೊಡಕಾಗಿ ನಿಂತಿರುವುದು ದಾಖಲೆಯಲ್ಲಿರುವ ತಾರೀಖು.

ದೆಹಲಿಯ ಆದೇಶ, ದೇಶದ ಮಾರುಕಟ್ಟೆ

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರ ಏಪ್ರಿಲಿನಲ್ಲಿ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರವನ್ನು ನಿರ್ಬಂಧಿಸಿತು. ಪೆಟ್ರೋಲ್ ವಾಹನಗಳಿಗೆ ಈ ಮಿತಿ 15 ವರ್ಷ. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಇದಕ್ಕೆ ತನ್ನ ಮುದ್ರೆಯನ್ನೂ ಒತ್ತಿತು. 2025ರ ಜುಲೈ 1ರಿಂದ ಇಂತಹ ವಾಹನಗಳಿಗೆ ದೆಹಲಿಯ ಬಂಕುಗಳಲ್ಲಿ ಇಂಧನವನ್ನೇ ಹಾಕಬಾರದೆಂಬ ಕ್ರಮ ಜಾರಿಗೆ ಬಂದಿತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳನ್ನು ಬಂಕುಗಳಲ್ಲಿ ಅಳವಡಿಸಲಾಯಿತು. ಸಾರ್ವಜನಿಕರ ಆಕ್ರೋಶ ಎಷ್ಟು ತೀವ್ರವಾಗಿತ್ತೆಂದರೆ, ಕೆಲವೇ ದಿನಗಳಲ್ಲಿ ಆ ಕ್ರಮವನ್ನು ತಡೆಹಿಡಿಯಬೇಕಾಯಿತು.

2025ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ಕೇವಲ ವಯಸ್ಸಿನ ಕಾರಣಕ್ಕಾಗಿ ಮಾಲೀಕರ ವಿರುದ್ಧ ಬಲವಂತದ ಕ್ರಮ ಕೈಗೊಳ್ಳಬಾರದೆಂದು ಮಧ್ಯಂತರ ಆದೇಶ ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಈ ರಕ್ಷಣೆಯನ್ನು ಬಿಎಸ್-4 ಹಾಗೂ ಅದಕ್ಕಿಂತ ಮೇಲಿನ ಮಾನದಂಡದ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು. ವಯಸ್ಸಿನ ಜತೆಗೆ ವಾಹನ ಯಾವ ಮಾನದಂಡಕ್ಕೆ ಸೇರಿದ್ದು ಎಂಬುದೂ ಮುಖ್ಯ ಎಂಬ ಮಾತು ನ್ಯಾಯಾಲಯದ ಆದೇಶದಲ್ಲಿಯೇ ಜಾಗ ಪಡೆಯಿತು ಎಂಬುದು ಇಲ್ಲಿ ಗಮನಾರ್ಹ.

ಕರ್ನಾಟಕದಲ್ಲಿ ಇಂತಹ 10 ವರ್ಷಗಳ ಮಿತಿ ಇಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತದಲ್ಲಿದ್ದು, ಅನಂತರ ತಪಾಸಣೆಗೊಳಪಟ್ಟು ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಲು ಅವಕಾಶವಿದೆ. ಆದರೆ ನವೀಕರಣದ ಶುಲ್ಕವೇ ಮಾಲೀಕನನ್ನು ಯೋಚನೆಗೀಡುಮಾಡುತ್ತದೆ. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲಿನಿಂದ ಕಾರುಗಳಿಗೆ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ರೂಪಾಯಿ ನಿಗದಿಯಾಯಿತು.

ದೆಹಲಿಯ ನಿರ್ಬಂಧದ ಬಿಸಿ ಕರ್ನಾಟಕಕ್ಕೆ ತಟ್ಟುವುದು ಇನ್ನೊಂದು ದಾರಿಯಲ್ಲಿ. ಅಲ್ಲಿ ಓಡಿಸಲಾಗದ ವಾಹನಗಳು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಗಳತ್ತ ಮುಖಮಾಡುತ್ತವೆ. ನೋಡಲು ಥಳಥಳ ಹೊಳೆಯುವ ಇಂತಹ ಎಸ್‌ಯುವಿಯನ್ನು ಅಗ್ಗದ ದರಕ್ಕೆ ಕೊಂಡವರು ಇಲ್ಲಿ ಹೊಸ ನೋಂದಣಿ ಮಾಡಿಸಿಕೊಳ್ಳಬೇಕು, ರಾಜ್ಯದ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಲೆಕ್ಕವೆಲ್ಲ ಕೂಡಿದಾಗ ಅಗ್ಗವೆಂದು ತಂದದ್ದು ದುಬಾರಿಯಾಗಿರುತ್ತದೆ. ಇತ್ತ, ಇದೇ ಊರಿನಲ್ಲಿ ಓಡಿದ, ಒಳ್ಳೆಯ ಸ್ಥಿತಿಯಲ್ಲಿರುವ ವಾಹನದ ಮಾಲೀಕನಿಗೆ ದಲ್ಲಾಳಿಗಳು ದೆಹಲಿಯ ದರವನ್ನೇ ತೋರಿಸಿ ಬೆಲೆ ಇಳಿಸುತ್ತಾರೆ.

ಇನ್ನೊಂದು ಸೂಕ್ಷ್ಮವೂ ಇದೆ. ಬಿಎಸ್-4 ಮಾನದಂಡ 2010ರಲ್ಲಿ ಜಾರಿಗೆ ಬಂದದ್ದು ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಮಾತ್ರ. ದೇಶದಾದ್ಯಂತ ಅದು ಕಡ್ಡಾಯವಾಗಿದ್ದು 2017ರ ಏಪ್ರಿಲಿನಲ್ಲಿ. ಆದ್ದರಿಂದ ಒಂದೇ ವರ್ಷ, ಒಂದೇ ಹೆಸರಿನ ಎರಡು ಎಸ್‌ಯುವಿಗಳಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದದ್ದು ಬಿಎಸ್-4 ಆಗಿದ್ದು, ಸಣ್ಣ ಊರಿನಲ್ಲಿ ನೋಂದಣಿಯಾದದ್ದು ಬಿಎಸ್-3 ಆಗಿರಬಹುದು. ನ್ಯಾಯಾಲಯದ ಇತ್ತೀಚಿನ ನಿಲುವಿನ ಹಿನ್ನೆಲೆಯಲ್ಲಿ ಈ ಒಂದು ಅಂಕಿಯ ವ್ಯತ್ಯಾಸಕ್ಕೂ ಬೆಲೆ ಬಂದಿದೆ. ಮಾರುವವರು, ಕೊಳ್ಳುವವರು ಇಬ್ಬರೂ ಮೊದಲು ನೋಡಬೇಕಾದ್ದು ನೋಂದಣಿ ದಾಖಲೆಯ ಆ ಸಾಲನ್ನು.

ಶಕ್ತಿ ಹೆಚ್ಚಿಸಿದ ಎಂಜಿನ್: ಗುಣವೋ ದೋಷವೋ?

ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಎಷ್ಟು ಇಂಧನ, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಸಿಂಪಡಣೆಯಾಗಬೇಕು, ಟರ್ಬೊ ಎಷ್ಟು ಗಾಳಿಯನ್ನು ಒಳದೂಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಗಣಕ. ಅದರಲ್ಲಿರುವ ಲೆಕ್ಕಾಚಾರವನ್ನು ತಿದ್ದುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಇಸಿಯುವನ್ನು ಮುಟ್ಟದೆ, ಅದಕ್ಕೆ ಬರುವ ಸಂಕೇತಗಳನ್ನು ಬದಲಿಸುವ ಟ್ಯೂನಿಂಗ್ ಬಾಕ್ಸುಗಳೂ ಇವೆ. ದೊಡ್ಡ ಇಂಟರ್‌ಕೂಲರ್, ಬದಲಾಯಿಸಿದ ಸೈಲೆನ್ಸರ್ ಮೊದಲಾದವು ಇದರ ಜತೆಗೆ ಸೇರುತ್ತವೆ. ಚಾಲಕನಿಗೆ ಫಲ ತಕ್ಷಣ ಕಾಣುತ್ತದೆ: ಘಟ್ಟ ಏರುವಾಗ ಏದುಸಿರಿಲ್ಲ, ಲಾರಿ ಹಿಂದಿಕ್ಕುವಾಗ ತಡವಿಲ್ಲ.

ಆದರೆ ಹೆಚ್ಚಿದ ಶಕ್ತಿಯ ಭಾರವನ್ನು ಹೊರುವುದು ಕ್ಲಚ್, ಗೇರ್‌ಬಾಕ್ಸ್ ಮತ್ತು ಟರ್ಬೊ. ಕಾರ್ಖಾನೆಯಲ್ಲಿ ಅವುಗಳನ್ನು ಒಂದು ಮಿತಿಗೆಂದು ರೂಪಿಸಲಾಗಿರುತ್ತದೆ. ಅನುಭವಿ ಮೆಕ್ಯಾನಿಕ್ ಅಳೆದು ತೂಗಿ ಮಾಡಿದ ಬದಲಾವಣೆಗೂ, ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದ ಬಾಕ್ಸಿಗೂ ಅಜಗಜಾಂತರ. ಈ ಅಂತರವನ್ನು ಕೊಳ್ಳುವವನು ಕಣ್ಣಿನಿಂದ ಅಳೆಯಲಾರ. ಹೀಗಾಗಿ ಆತ ಎಲ್ಲವನ್ನೂ ಒಂದೇ ಅನುಮಾನದಿಂದ ನೋಡುತ್ತಾನೆ, ಬೆಲೆ ಕೆಳಗಿಳಿಸುತ್ತಾನೆ. ಅಪ್‌ಗ್ರೇಡಿಗೆಂದು ಸುರಿದ ಹಣ ಮಾರಾಟದ ವೇಳೆ ಮರಳಿ ಬಾರದಿರುವುದಕ್ಕೆ ಇದೇ ಕಾರಣ.

ಕಾನೂನು ಇನ್ನೂ ಕಠಿಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಪರಿಹಾರದ ವೇಳೆಯೂ ತಕರಾರಿಗೆ ಎಡೆಮಾಡುತ್ತದೆ.

ವಿಪರ್ಯಾಸವೆಂದರೆ, ಇಂತಹ ಬದಲಾವಣೆಯನ್ನು ಪತ್ತೆ ಹಚ್ಚುವ ವ್ಯವಸ್ಥೆ ಬಲವಾಗಿಲ್ಲ. ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ವಾಹನಕ್ಕೆ ನಡೆಯುವುದು ಹೊಗೆಯ ಸಾಂದ್ರತೆಯ ಪರೀಕ್ಷೆ ಮಾತ್ರ. ಡೀಸೆಲ್ ಎಂಜಿನ್ನಿನ ನಿಜವಾದ ಪೀಡೆಯಾದ ನೈಟ್ರೋಜನ್ ಆಕ್ಸೈಡುಗಳ ಅಳತೆ ಅಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಕಾಣುವ ಕಪ್ಪು ಹೊಗೆ ಇಲ್ಲದಿದ್ದರೆ ರೀಮ್ಯಾಪ್ ಆದ ವಾಹನವೂ ಪ್ರಮಾಣಪತ್ರ ಪಡೆದು ಹೊರಬರುತ್ತದೆ. ಚೆನ್ನಾಗಿ ನೋಡಿಕೊಂಡ ಹತ್ತು ವರ್ಷದ ವಾಹನವೂ, ಹೊಗೆ ಶೋಧಕವನ್ನು ಕಿತ್ತೆಸೆದ ನಾಲ್ಕು ವರ್ಷದ ವಾಹನವೂ ಈ ಪರೀಕ್ಷೆಯ ಮುಂದೆ ಒಂದೇ ಆಗಿಬಿಡಬಹುದು.

ಕೊಟ್ಟವನು ಕೋಡಂಗಿ

ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟೊಡನೆ ಸಂಬಂಧ ಹರಿಯಿತೆಂದು ತಿಳಿಯುವುದು ಮಾರಾಟಗಾರರ ದೊಡ್ಡ ತಪ್ಪು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ನವೀನ್ ಕುಮಾರ್ ಪ್ರಕರಣದಲ್ಲಿ ನೀಡಿದ ತೀರ್ಪು ಈ ಭ್ರಮೆಯನ್ನು ಒಡೆಯಿತು. 2007ರಲ್ಲಿ ಮಾರಿದ್ದ ಕಾರು ಒಬ್ಬರಿಂದೊಬ್ಬರಿಗೆ ಕೈಬದಲಾಗಿ 2009ರಲ್ಲಿ ಅಪಘಾತಕ್ಕೀಡಾಗಿತ್ತು. ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ. ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಪೀಠ ಹೇಳಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಅನ್ವಯವಾಗದು. ಶಕ್ತಿ ಹೆಚ್ಚಿಸಿದ ಎಸ್‌ಯುವಿ ಅಪರಿಚಿತ ಚಾಲಕನ ಕೈಗೆ ಸಿಕ್ಕಿ, ಹೆಸರು ಮಾತ್ರ ಹಳೆಯ ಮಾಲೀಕನದೇ ಉಳಿದರೆ ಅಪಾಯ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಸುಮ್ಮನಾಗದೆ, ವರ್ಗಾವಣೆಯ ವಿಷಯವನ್ನು ರಾಜ್ಯದೊಳಗಾದರೆ 14 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಿ, ಹೊಸ ಹೆಸರು ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹೊರರಾಜ್ಯದ ಖರೀದಿದಾರನಾದರೆ ನಿರಾಕ್ಷೇಪಣಾ ಪತ್ರ ಅಗತ್ಯ. ಸಾಲ ತೀರಿದ್ದರೆ ಬ್ಯಾಂಕಿನ ಹೆಸರನ್ನು ಆರ್‌ಸಿಯಿಂದ ತೆಗೆಸಿರಬೇಕು. ವಿಮೆಯ ನೋ ಕ್ಲೇಮ್ ಬೋನಸ್ ವಾಹನಕ್ಕಲ್ಲ, ಮಾಲೀಕನಿಗೆ ಸೇರಿದ್ದು. ಅದನ್ನು ಮುಂದಿನ ವಾಹನಕ್ಕೆ ಬಳಸಿಕೊಳ್ಳಬಹುದು.

ವ್ಯಾಪಾರಿಗಳ ಮೂಲಕ ಮಾರುವವರಿಗೆ 2023ರ ಏಪ್ರಿಲಿನಿಂದ ಒಂದು ರಕ್ಷಣೆ ದೊರೆತಿದೆ. ನೋಂದಾಯಿತ ವ್ಯಾಪಾರಿಯು ವಾಹನ ಪಡೆದ ಸಂಗತಿಯನ್ನು ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ ಆತನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಅಧಿಕೃತ ನೋಂದಣಿಯಿಲ್ಲದ ದಲ್ಲಾಳಿಗೆ ಖಾಲಿ ಫಾರಂಗಳಲ್ಲಿ ಸಹಿ ಹಾಕಿಕೊಟ್ಟವರಿಗೆ ಈ ರಕ್ಷಣೆ ಇಲ್ಲ. ತೆರಿಗೆಯ ವಿಷಯದಲ್ಲಿ ಇರುವ ಗೊಂದಲವೂ ಅನಗತ್ಯ. ಹಳೆಯ ವಾಹನದ ಮೇಲಿನ ಶೇ. 18 ಜಿಎಸ್‌ಟಿ ಅನ್ವಯವಾಗುವುದು ನೋಂದಾಯಿತ ವ್ಯಾಪಾರಿಯ ಲಾಭಾಂಶಕ್ಕೆ. ಸ್ವಂತ ಬಳಕೆಯ ವಾಹನವನ್ನು ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಮಾರಿದರೆ ಈ ತೆರಿಗೆ ಇಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಹೊಸ ದೊಡ್ಡ ಎಸ್‌ಯುವಿಗಳ ಮೇಲಿನ ಒಟ್ಟು ತೆರಿಗೆ ಶೇ. 50ರಿಂದ 40ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಜಾರುವುದು ಸಹಜ.

ಬೇಕಿರುವುದು ಸ್ಥಿತಿಯ ಪರೀಕ್ಷೆ

ಡೀಸೆಲ್ ಹೊಗೆಯಿಂದ ಆರೋಗ್ಯಕ್ಕೆ ಆಗುವ ಹಾನಿಯನ್ನು ಯಾರೂ ಅಲ್ಲಗಳೆಯಲಾರರು. ವಯಸ್ಸಿನ ಮಿತಿಯನ್ನು ಜಾರಿಗೊಳಿಸುವುದು ಆಡಳಿತಕ್ಕೆ ಸುಲಭ ಎಂಬುದೂ ನಿಜ. ತಾರೀಖು ನೋಡಲು ಯಂತ್ರ ಬೇಕಿಲ್ಲ, ತಜ್ಞರೂ ಬೇಕಿಲ್ಲ. ಆದರೆ ಸುಲಭವಾದುದೆಲ್ಲ ನ್ಯಾಯವಾದುದಲ್ಲ. ವಾಹನವನ್ನು ಚೆನ್ನಾಗಿ ನೋಡಿಕೊಂಡವನಿಗೂ ಹಾಳುಗೆಡವಿದವನಿಗೂ ಒಂದೇ ಶಿಕ್ಷೆ ಎಂದಾದರೆ, ನೋಡಿಕೊಳ್ಳುವ ಗೊಡವೆಗೆ ಹೋಗುವವರಾರು? ಮಾರಾಟದ ಬೆಲೆಯಲ್ಲಿ ಆರೈಕೆಗೆ ಪ್ರತಿಫಲವಿಲ್ಲವೆಂದರೆ, ಮಾಲೀಕ ಕೊನೆಯ ಎರಡು ವರ್ಷ ಖರ್ಚು ಉಳಿಸಲು ನೋಡುತ್ತಾನೆ. ಹೊಗೆ ಹೆಚ್ಚುವುದು ಆಗಲೇ. ಎಂಜಿನ್ ಮಾರ್ಪಾಡನ್ನು ಘೋಷಿಸಿ, ಪರೀಕ್ಷೆಗೊಡ್ಡಿ, ಒಂದೋ ಅನುಮತಿ ಪಡೆಯುವ ಇಲ್ಲವೇ ಮೂಲ ಸ್ಥಿತಿಗೆ ತರುವ ಸರಳ ವ್ಯವಸ್ಥೆ ಇಲ್ಲದಿರುವಾಗ, ಅದನ್ನು ಮುಚ್ಚಿಟ್ಟು ಮಾರುವುದೇ ಜಾಣತನವಾಗಿಬಿಡುತ್ತದೆ.

ವ್ಯವಸ್ಥೆ ಬದಲಾಗುವವರೆಗೆ ಪ್ರಾಮಾಣಿಕ ಮಾರಾಟಗಾರನಿಗೆ ಉಳಿದಿರುವ ದಾರಿ ಒಂದೇ. ಮಾರುವ ಮುನ್ನ ಇಸಿಯುವನ್ನು ಕಾರ್ಖಾನೆಯ ಲೆಕ್ಕಾಚಾರಕ್ಕೆ ಮರಳಿಸಿ, ಮೂಲ ಬಿಡಿಭಾಗಗಳನ್ನು ಜೋಡಿಸಿ, ಹಿಂದೆ ಏನೇನು ಬದಲಾಗಿತ್ತೆಂಬುದನ್ನು ಬರವಣಿಗೆಯಲ್ಲಿ ಕೊಟ್ಟು ಖರೀದಿದಾರನ ಸಹಿ ಪಡೆಯುವುದು. ಇದರಿಂದ ಕೈಗೆ ಬರುವ ಹಣ ಕೊಂಚ ಕಡಿಮೆಯಾಗಬಹುದು. ಆದರೆ ಎಲ್ಲೋ ಯಾರೋ ಓಡಿಸುವ ವಾಹನದ ನೋಟಿಸು ಎರಡು ವರ್ಷಗಳ ನಂತರ ಮನೆ ಬಾಗಿಲಿಗೆ ಬರುವ ಭಯ ಇರುವುದಿಲ್ಲ.