ಕೇಬಲ್ ಕಟ್ಟಿದರೆ ಸಾಲದು, ಗಂಟೆ ನಮ್ಮ ಕಿವಿಗೆ ಕೇಳಬೇಕು

ಹೊಟೇಲು ಬಂಧುಗಳೇ, ಗಿರಣಿ ಬಂಧುಗಳೇ!

ಈ ಮುಂಬಯಿಯಲ್ಲಿ ಬೆಂಕಿ ಬಿದ್ದರೆ ಮೊದಲು ಸಿಕ್ಕಿಬೀಳುವವರು ಯಾರು? ಗಲ್ಲಾದ ಮುಂದೆ ಕುಳಿತ ಧಣಿಯಲ್ಲ. ಹಗಲೆಲ್ಲ ದುಡಿದು, ರಾತ್ರಿ ಒಲೆಯ ಪಕ್ಕದಲ್ಲೋ ಅಟ್ಟದ ಮೇಲೋ ಚಾಪೆ ಹಾಸಿದ ಕೆಲಸಗಾರ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರಸ್ತೆಯ ಫರ್ಸಾಣ್ ಅಂಗಡಿಯೊಂದು ಹೊತ್ತಿ ಉರಿಯಿತು. ಒಳಗೆ ಮಲಗಿದ್ದ 12 ಮಂದಿ ಕೆಲಸಗಾರರು ಮತ್ತೆ ಏಳಲಿಲ್ಲ. 11 ದಿನಗಳೊಳಗೇ, ಡಿಸೆಂಬರ್ 29ರ ನಡುರಾತ್ರಿ, ಲೋವರ್ ಪರೇಲಿನ ಕಮಲಾ ಮಿಲ್ ಆವರಣದ ಮಾಳಿಗೆ ಹೊಟೇಲುಗಳಲ್ಲಿ 14 ಜನ ಸತ್ತರು, ಹೆಚ್ಚಿನವರು ಹೊಗೆಗೆ ಉಸಿರುಕಟ್ಟಿ. ಗಿರಣಿಯ ಜಾಗ ಹೊಟೇಲಾಯಿತು, ಆದರೆ ಬೆಂಕಿಯ ಭಯ ಮಾತ್ರ ಜಾಗ ಬಿಟ್ಟು ಹೋಗಲಿಲ್ಲ.

ಈಗ ಕೆಲವು ಧಣಿಗಳು ಹೊಸ ಮಾತು ಕಲಿತಿದ್ದಾರೆ. "ಶಾಖ ಪತ್ತೆಮಾಡುವ ಲೀನಿಯರ್ ಹೀಟ್ ಕೇಬಲ್ ಹಾಕಿಸಿದ್ದೇವೆ, ಇನ್ನು ನಿಮಗೇಕೆ ಚಿಂತೆ?" ಎನ್ನುತ್ತಾರೆ. ಕೇಬಲ್ ಬೇಡವೆಂದು ನಾವು ಹೇಳುವುದಿಲ್ಲ, ಖಂಡಿತ ಬೇಕು. ಆದರೆ ಯಾವ ಕೇಬಲ್, ಎಲ್ಲಿ ಕಟ್ಟಿದ್ದು, ಗಂಟೆ ಯಾರಿಗೆ ಕೇಳುತ್ತದೆ ಎಂದು ವಿಚಾರಿಸುವ ಹಕ್ಕು ಅದರ ಕೆಳಗೆ ದುಡಿಯುವ ನಮಗೆ ಇದೆ.

ಅದರಲ್ಲಿ ಮಾಟಮಂತ್ರವೇನೂ ಇಲ್ಲ. ಸಾಮಾನ್ಯ ಬಗೆಯ ಕೇಬಲ್ಲಿನಲ್ಲಿ ಒಂದಕ್ಕೊಂದು ಹೊಸೆದ ಎರಡು ತಂತಿಗಳಿರುತ್ತವೆ. ಅವುಗಳ ಮೇಲೆ ಕಾವಿಗೆ ಕರಗುವ ಪ್ಲಾಸ್ಟಿಕ್ ಹೊದಿಕೆ. ಉದ್ದಕ್ಕೂ ಎಲ್ಲಿ ನಿಗದಿಯಾದ ಕಾವು ತಗಲಿದರೂ ಹೊದಿಕೆ ಮೆತ್ತಗಾಗಿ ತಂತಿಗಳು ಕೂಡಿಕೊಳ್ಳುತ್ತವೆ, ಗಂಟೆ ಬಾರಿಸುತ್ತದೆ. ಎಣ್ಣೆಹೊಗೆಯ ಅಡಿಗೆಮನೆಯಲ್ಲಿ, ಹತ್ತಿಧೂಳಿನ ಗಿರಣಿಯಲ್ಲಿ ಹೊಗೆ ಪತ್ತೆಮಾಡುವ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಕೊನೆಗೆ ಕಾಟ ತಾಳದೆ ಯಾರಾದರೂ ಅದನ್ನು ಬಂದ್ ಮಾಡುತ್ತಾರೆ. ಅಂಥಲ್ಲಿ ಈ ಕೇಬಲ್ ಉಪಯುಕ್ತ. ಆದರೆ ಒಮ್ಮೆ ಕರಗಿದ ತುಂಡು ಮತ್ತೆ ಕೆಲಸಕ್ಕೆ ಬಾರದು. ಕತ್ತರಿಸಿ ಹೊಸದನ್ನು ಜೋಡಿಸಬೇಕು.

ಆಯ್ಕೆಯಲ್ಲೇ ಮೊದಲ ಮೋಸ. 68, 88, 105 ಡಿಗ್ರಿ ಸೆಂಟಿಗ್ರೇಡ್ ಎಂದು ಕೇಬಲ್ಲಿಗೆ ದರ್ಜೆಗಳುಂಟು; ಇನ್ನೂ ಹೆಚ್ಚಿನವೂ ಉಂಟು. ಆ ಜಾಗದಲ್ಲಿ ದಿನನಿತ್ಯ ಏರುವ ಗರಿಷ್ಠ ಕಾವಿಗಿಂತ ಸುಮಾರು 20 ಡಿಗ್ರಿಯಾದರೂ ಮೇಲಿನ ದರ್ಜೆ ಬೇಕು. ಮೇ ತಿಂಗಳ ಬಿಸಿಲಿಗೆ ಕಾದ ತಗಡಿನ ಮಾಡಿನ ಕೆಳಗೆ 68ರ ಕೇಬಲ್ ಕಟ್ಟಿದರೆ ಸುಳ್ಳು ಗಂಟೆ ಬಾರಿಸಬಹುದು. ತಂಪಾದ ಉಗ್ರಾಣದಲ್ಲಿ 105ರದ್ದು ಕಟ್ಟಿದರೆ ಬೆಂಕಿ ಬಲಿತ ಮೇಲಷ್ಟೇ ಅದಕ್ಕೆ ಎಚ್ಚರ. ಒಲೆಯ ಮೇಲಿನ ಹುಡ್ಡಿಗೂ ಹೊಗೆ ಹೋಗುವ ಕೊಳವೆಗೂ ಹೆಚ್ಚಿನ ದರ್ಜೆಯ, ಎಣ್ಣೆಗೆ ಹಾಳಾಗದ ಹೊರಕವಚದ ಕೇಬಲ್ಲೇ ಬೇಕು. ಮೊದಲು ಥರ್ಮಾಮೀಟರ್ ಇಟ್ಟು ಅಳೆಯಬೇಕು, ಆಮೇಲೆ ಕೊಳ್ಳಬೇಕು. ಅಗ್ಗಕ್ಕೆ ಸಿಕ್ಕಿದ ಒಂದೇ ಸುರುಳಿಯನ್ನು ಎಲ್ಲ ಕಡೆಗೂ ಎಳೆಯುವುದು ಲೆಕ್ಕಪತ್ರದ ಸುರಕ್ಷತೆಯೇ ಹೊರತು ಜೀವದ ಸುರಕ್ಷತೆಯಲ್ಲ.

ಕಟ್ಟುವುದರಲ್ಲಿ ಎರಡನೆಯ ಮೋಸ. ಕಾವು ಮೇಲಕ್ಕೇರುತ್ತದೆ, ಆದುದರಿಂದ ಕೇಬಲ್ ಮಾಡಿನ ಹತ್ತಿರ, ಗಾಳಿಯಾಡುವಂತೆ, ಸರಿಯಾದ ಕ್ಲಿಪ್ಪಿನಲ್ಲಿರಬೇಕು. ಅಂದಕ್ಕಾಗಿ ಫಾಲ್ಸ್ ಸೀಲಿಂಗಿನ ಹಿಂದೆ ಅಡಗಿಸಿದರೆ ಕೆಳಗಿನ ಕೋಣೆಯ ಬೆಂಕಿ ಅದಕ್ಕೆ ತಡವಾಗಿ ತಿಳಿಯುತ್ತದೆ. ಅದಕ್ಕೆ ಬಣ್ಣ ಬಳಿಯಬಾರದು, ಬಿಗಿಯಾಗಿ ಎಳೆಯಬಾರದು, ಮೂಲೆಯಲ್ಲಿ ಮುರಿದಂತೆ ಬಗ್ಗಿಸಬಾರದು, ನಡುವೆ ಕವಲು ತೆಗೆಯಬಾರದು. ಕೊನೆಯಲ್ಲಿ ರೆಸಿಸ್ಟರ್ ಇರಲೇಬೇಕು. ಅದಿದ್ದರೆ ಇಲಿ ಕಡಿದು ತುಂಡಾದಾಗ ಪ್ಯಾನೆಲ್ ದೋಷ ತೋರಿಸುತ್ತದೆ. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಬೇಕು. ಇದಕ್ಕೆಲ್ಲ ಐ.ಎಸ್. 2189 ಎಂಬ ಭಾರತೀಯ ಮಾನಕವಿದೆ. ಧಣಿಗಳ ಮರ್ಜಿಯ ಮಾತಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಮೋಸ. ಕೇಬಲ್ಲಿಗೆ ಕಾವು ಮಾತ್ರ ಗೊತ್ತು, ಹೊಗೆ ಗೊತ್ತಿಲ್ಲ. ಮಲಗಿದವನನ್ನು ಕೊಲ್ಲುವುದು ಬಹುಮಟ್ಟಿಗೆ ಹೊಗೆ. ಹತ್ತಿಯ ಬೇಲಿನೊಳಗೆ ಬೂದಿ ಮುಚ್ಚಿದಂತೆ ಬೆಂಕಿ ಗಂಟೆಗಟ್ಟಲೆ ಹೊಗೆಯಾಡಬಹುದು, ಸಿಲಿಂಡರಿನಿಂದ ಗ್ಯಾಸು ಸೋರಬಹುದು, ಕೇಬಲ್ ಸುಮ್ಮನಿರುತ್ತದೆ. ಆದುದರಿಂದ ಮಲಗುವ ಜಾಗಕ್ಕೆ ಹೊಗೆ ಪತ್ತೆಮಾಡುವ ಯಂತ್ರ, ಒಲೆಯ ಬಳಿ ಗ್ಯಾಸು ಪತ್ತೆಮಾಡುವ ಯಂತ್ರ ಬೇರೆಯೇ ಬೇಕು. ಇವೆಲ್ಲ ಇದ್ದೂ ಹಿಂದಿನ ಬಾಗಿಲಿಗೆ ಬೀಗ, ಮೆಟ್ಟಿಲ ಮೇಲೆ ಅಕ್ಕಿಚೀಲ ಇದ್ದರೆ ಫಲವೇನು? ಗಂಟೆ ಬಾರಿಸಿತು, ಸರಿ, ಓಡುವುದು ಎಲ್ಲಿಗೆ?

ಮಹಾರಾಷ್ಟ್ರದ 2006ರ ಅಗ್ನಿ ನಿವಾರಣಾ ಕಾಯಿದೆಗೆ ಒಳಪಟ್ಟ ಕಟ್ಟಡಗಳಿಗೆ ಪ್ರತಿ ಜನವರಿ ಮತ್ತು ಜುಲೈಯಲ್ಲಿ ಪರವಾನಗಿಯುಳ್ಳ ಏಜೆನ್ಸಿಯ ಪ್ರಮಾಣಪತ್ರ ಸಲ್ಲಿಸಬೇಕು. ಆ ಕಾಗದ ಗಲ್ಲಾದ ಹಿಂದಿನ ಕಪಾಟಿನಲ್ಲಿ ಮಲಗದಿರಲಿ. ನಮ್ಮ ಬೇಡಿಕೆ ಇಷ್ಟೆ: ಆ ಎರಡು ತಿಂಗಳುಗಳಲ್ಲಿ ಕೆಲಸಗಾರರ ಮುಂದೆಯೇ ಕೇಬಲ್ಲಿನ ಕೊನೆಯಲ್ಲಿ ಎರಡು ತಂತಿಗಳನ್ನು ಮುಟ್ಟಿಸಿ ಪರೀಕ್ಷೆ ಮಾಡಿರಿ. ಗಂಟೆ ಧಣಿಯ ಆಫೀಸಿನಲ್ಲಲ್ಲ, ನಾವು ಮಲಗುವ ಅಟ್ಟದಲ್ಲಿ ಬಾರಿಸಲಿ. ರಾತ್ರಿ ಬಾಗಿಲಿಗೆ ಹೊರಗಿನಿಂದ ಬೀಗ ಬೀಳಬಾರದು.

ಬಂಧುಗಳೇ, ಇಂದು ಕೆಲಸ ಮುಗಿದ ಮೇಲೆ ಒಮ್ಮೆ ತಲೆಯೆತ್ತಿ ಮಾಡಿನ ಕಡೆ ನೋಡಿರಿ. ಆಮೇಲೆ ಹಿಂದಿನ ಬಾಗಿಲನ್ನು ತಳ್ಳಿ ನೋಡಿರಿ. ಕೇಬಲ್ ಕಾಣದಿದ್ದರೆ, ಬಾಗಿಲು ತೆರೆಯದಿದ್ದರೆ, ಒಬ್ಬರೇ ಹೋಗಿ ಕೇಳಬೇಡಿರಿ, ಹತ್ತು ಮಂದಿ ಕೂಡಿ ಹೋಗಿ ಕೇಳಿರಿ. ಒಬ್ಬನನ್ನು ಕೆಲಸದಿಂದ ತೆಗೆಯುವುದು ಸುಲಭ. ಹತ್ತು ಮಂದಿಯನ್ನು ತೆಗೆದರೆ ನಾಳೆ ಬೆಳಿಗ್ಗೆ ಒಲೆ ಹೊತ್ತಿಸುವವರು ಯಾರು?